ಮರೆಗುಳಿ ಕಬ್ಬಿಣ

ಗಡಿಯಾರ ರಿಪೇರಿಯವರಿಗೆ ಈ ಜಗತ್ತಿನಲ್ಲಿ ಇಬ್ಬರೇ ಶತ್ರುಗಳು: ತುಕ್ಕು ಮತ್ತು ಅಯಸ್ಕಾಂತ. ಆಸ್ಪತ್ರೆಯವರು ಅವರ ಹೆಂಡತಿಯ ಎದೆಗೆ ಸೂಜಿ ಚುಚ್ಚಿ ಎರಡನ್ನೂ ಒಟ್ಟಿಗೆ ಒಳಗೆ ಬಿಟ್ಟರು.

"ಇವು ಕಬ್ಬಿಣದ ಕಣಗಳು," ಎಂದರು ಡಾಕ್ಟರಮ್ಮ, ಕಂದು ದ್ರವದ ಸಿರಿಂಜನ್ನು ಬೆಳಕಿಗೆ ಹಿಡಿದು. "ತುಕ್ಕಿನ ಬಳಗವೇ ಅನ್ನಿ. ಒಂದು ಕೂದಲಿನ ದಪ್ಪದಲ್ಲಿ ಸಾವಿರ ಕಣ ಸಾಲಾಗಿ ನಿಲ್ಲಬಹುದು, ಅಷ್ಟು ಸಣ್ಣವು. ಇಂಥದಕ್ಕೇ ನ್ಯಾನೋ ಅನ್ನೋದು."

"ತುಕ್ಕಾ? ಹಾಗಾದ್ರೆ ಆಮೇಲೆ ಎಣ್ಣೆ ಬಿಡಬೇಕಾ?"

"ನಾನೇನು ಬಾಗಿಲ ಕೀಲಾ? ಸುಮ್ನೆ ಕೂತ್ಕೊಳ್ರೀ," ಎಂದಳು ಹೆಂಡತಿ.

ಸುಮ್ಮನೆ ಕೂತರು. ಆದರೆ ಎದುರಿನ ಗೋಡೆಯ ಗಡಿಯಾರ ಹಿಂದೆ ಬಿದ್ದಿತ್ತು. ಅದು ಕಣ್ಣಿಗೆ ಬಿದ್ದ ಮೇಲೆ ಡಾಕ್ಟರಮ್ಮ ಹೇಳಿದ್ದೊಂದೂ ಅವರ ಕಿವಿಗೆ ಇಳಿಯಲಿಲ್ಲ.

ಗಂಡ ಹೆಂಡತಿಗೆ ಇದ್ದದ್ದು ಒಂದೇ ಕೋಣೆಯ ಅಂಗಡಿ. ಮುಂದೆ ಅವರ ಮೇಜು, ಪರದೆಯ ಹಿಂದೆ ಅವಳು ಗಿರಾಕಿಗಳ ಕೂದಲು ಕತ್ತರಿಸುವ ಕುರ್ಚಿ. ಎದೆಯ ಗಡ್ಡೆ ತೆಗೆಯುವ ಆಪರೇಷನ್‌ಗೆ ಇನ್ನೂ ಕೆಲವು ದಿನ ಇತ್ತು. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದು ಅವಳು ಕತ್ತರಿ ಹಿಡಿದೇ ಇದ್ದಳು. ಹೀಗಿರುವಾಗ, ಸರ್ವಿಸ್ ಮಾಡಿಟ್ಟಿದ್ದ ಹಳೆಯ ಕೈಗಡಿಯಾರವೊಂದು ಹುಚ್ಚೆದ್ದು ಮುಂದಕ್ಕೆ ಓಡತೊಡಗಿತು. ಅಯಸ್ಕಾಂತ ತಗುಲಿದ ಗಡಿಯಾರದ ಲಕ್ಷಣವೇ ಅದು. ಗಿರಾಕಿಯೊಬ್ಬಳು ಅದರ ಪಕ್ಕದಲ್ಲೇ ಇಟ್ಟಿದ್ದ ಕೈಚೀಲಕ್ಕೆ ಅಯಸ್ಕಾಂತದ ಗುಂಡಿಯಿತ್ತು. ಅವರು ಅದನ್ನು ನೋಡಲಿಲ್ಲ. ನೋಡಿದ್ದು ಪರದೆಯ ಕಡೆಗೆ, ಹೆಂಡತಿಯ ಎದೆಯ ಕಬ್ಬಿಣದ ಮೇಲೇ ಅನುಮಾನಪಟ್ಟು.

"ಏ ಇವಳೇ, ಇನ್ನೊಂದು ಸ್ವಲ್ಪ ಆಚೆ ನಿಂತು ಕತ್ತರಿಸ್ತೀಯಾ?"

"ಗೋಡೆ ಒಳಗೆ ಹೋಗಿ ನಿಂತ್ಕೊಳ್ಳಲಾ?"

ಗಡಿಯಾರಕ್ಕೆ ಹತ್ತಿದ ಅಯಸ್ಕಾಂತದ ಗುಣ ಇಳಿಸಲು ಅವರ ಹತ್ತಿರ ಸೋಪಿನ ಡಬ್ಬಿಯಷ್ಟು ದೊಡ್ಡ ಯಂತ್ರವಿತ್ತು. ಗುಂಡಿ ಒತ್ತಿಕೊಂಡೇ ಗಡಿಯಾರವನ್ನು ಅದರಿಂದ ಮೆಲ್ಲಗೆ ದೂರ ಒಯ್ಯಬೇಕು. ಹೆಂಡತಿಯನ್ನು ಎತ್ತಿ ಒಯ್ಯುವ ತಾಕತ್ತು ಅವರಿಗಿರಲಿಲ್ಲ. ಆದ್ದರಿಂದ ಮಧ್ಯಾಹ್ನ ಅವಳು ಕುರ್ಚಿಯಲ್ಲಿ ತೂಕಡಿಸುವಾಗ ಯಂತ್ರವನ್ನೇ ಅವಳ ಎದೆಯ ಹತ್ತಿರ ಹಿಡಿದು, ಗುಂಡಿ ಒತ್ತಿ, ಉಸಿರು ಬಿಗಿಹಿಡಿದು ಹಿಮ್ಮುಖವಾಗಿ ಹೆಜ್ಜೆ ಇಟ್ಟರು. ಪರದೆಯ ತನಕ ಎಲ್ಲ ಸರಿಯಾಗಿತ್ತು. ಆಮೇಲೆ ಬಕೆಟ್ಟಿಗೆ ಕಾಲು ತಾಗಿ ಅದರೊಳಗೇ ಕೂತುಬಿಟ್ಟರು.

"ಏನ್ರೀ ಅದು?"

"ಸೊಳ್ಳೆ."

"ಸೊಳ್ಳೆ ನಿಮ್ಮನ್ನ ಬಕೆಟ್ಟಿಗೆ ತಳ್ಳಿತಾ?"

ಆಪರೇಷನ್ನಿನ ಹಿಂದಿನ ಸಂಜೆ ಅವಳು ಟವೆಲ್ ಮಡಿಚುತ್ತ ಹೇಳಿದಳು: "ನಾಳೆ ಆ ಕಬ್ಬಿಣವೇ ನನ್ನ ಕೈ ಉಳಿಸಬೇಕು."

"ಅದು ಹೇಗೆ?"

"ಡಾಕ್ಟ್ರು ಹೇಳುವಾಗ ಕಿವಿ ಎಲ್ಲಿಟ್ಟಿದ್ರಿ? ಗಡ್ಡೆಯಿಂದ ಕಾಯಿಲೆ ಹರಡೋದಾದ್ರೆ ಸಾಮಾನ್ಯವಾಗಿ ಮೊದ್ಲು ಕಂಕುಳಿನ ಗ್ರಂಥಿಗೆ ಹೋಗತ್ತಂತೆ. ಈ ಕಣಗಳೂ ಅದೇ ದಾರಿ ಹಿಡಿದು ಹೋಗಿ ಅಲ್ಲೇ ಕೂತಿರ್ತವೆ. ಅಯಸ್ಕಾಂತದ ಕಡ್ಡಿ ಮೇಲೆ ಆಡಿಸಿದ್ರೆ ಎಲ್ಲಿವೆ ಅಂತ ಕಡ್ಡಿ ಕೂಗಿ ಹೇಳತ್ತೆ. ಆ ಗ್ರಂಥಿ ಒಂದನ್ನ ತೆಗೆದು ಪರೀಕ್ಷೆ ಮಾಡ್ತಾರೆ. ಅದು ಸಿಗದೇ ಹೋದ್ರೆ ಇರೋ ಬರೋದನ್ನೆಲ್ಲ ತೆಗೀಬೇಕಾಗಬಹುದು. ಆಗ ಕೈ ಊದ್ಕೊಂಡ್ರೆ, ನಾನು ಕತ್ತರಿ ಹಿಡಿದ ಹಾಗೇ!"

ಅವರ ಕಣ್ಣು ಮೇಜಿನ ಮೇಲಿದ್ದ ಯಂತ್ರದ ಕಡೆ ಹೋಯಿತು. ರಾತ್ರಿ ಊಟಕ್ಕೆ ಕೂತವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಹೆದರಬೇಕಾದ ನಾನೇ ಉಣ್ಣುತ್ತಿದ್ದೇನೆ, ನಿಮಗೇನು ಎಂದು ಅವಳು ಅವರ ತಟ್ಟೆಯನ್ನೂ ಖಾಲಿ ಮಾಡಿದಳು.

ಬೆಳಗ್ಗೆ ಆಪರೇಷನ್ ಕೋಣೆಯ ಬಾಗಿಲಲ್ಲಿ ಅವರು ಡಾಕ್ಟರಮ್ಮನಿಗೆ ಅಡ್ಡ ನಿಂತರು. "ಡಾಕ್ಟ್ರೇ, ಆ ಸೂಜಿ ಇನ್ನೊಂದ್ಸಲ ಹಾಕಿಬಿಡಿ. ಮೊದಲಿನದನ್ನ ನಾನು ಅಳಿಸಿಬಿಟ್ಟಿದ್ದೀನಿ."

ಕಥೆಯೆಲ್ಲ ಕೇಳುವಷ್ಟರಲ್ಲಿ ಡಾಕ್ಟರಮ್ಮ ನಗು ತಡೆಯಲಾರದೆ ಗೋಡೆಗೆ ಒರಗಿದ್ದರು.

"ಅಳಿಸೋಕೆ ಅದರಲ್ಲಿ ಏನಿದೆ ಯಜಮಾನ್ರೇ? ನಿಮ್ಮ ಗಡಿಯಾರದ ಉಕ್ಕು ಒಮ್ಮೆ ಅಯಸ್ಕಾಂತದ ಸಹವಾಸ ಮಾಡಿದ್ರೆ ಆ ಗುಣ ಹಿಡ್ಕೊಂಡೇ ಕೂರತ್ತೆ. ಇವು ಹಾಗಲ್ಲ. ಇಷ್ಟು ಸಣ್ಣದಾದ್ರೆ ಸ್ವಭಾವವೇ ಬೇರೆ. ಅಯಸ್ಕಾಂತ ಹತ್ತಿರ ಬಂದ್ರೆ ಎದ್ದು ನಿಲ್ತವೆ, ದೂರ ಹೋದ್ರೆ ಎಲ್ಲ ಮರೆತುಬಿಡ್ತವೆ."

"ನನ್ನ ಭಾವಮೈದನ ಥರ. ಎದುರಿಗೆ ನಿಂತ್ರೆ ಮಾತ್ರ ಕೆಲಸ."

"ಅದೇ. ನಾನು ಎದುರಿಗೆ ನಿಲ್ತೀನಿ, ಬಿಡಿ. ಆದ್ರೆ ಇನ್ಮೇಲೆ ಆ ಡಬ್ಬಿಯನ್ನ ಮನುಷ್ಯರ ಮೇಲೆಲ್ಲ ಹಿಡೀಬೇಡಿ."

ಅವರು ಬಾಗಿಲ ಹೊರಗೆ ಕೂತರು. ಎಷ್ಟು ಹೊತ್ತು ಕೂತರೆಂದು ಅವರಿಗೇ ಗೊತ್ತಿಲ್ಲ. ಜೀವಮಾನದಲ್ಲಿ ಮೊದಲ ಸಲ ಗಂಟೆ ನೋಡಿರಲಿಲ್ಲ. ಡಾಕ್ಟರಮ್ಮ ಹೊರಬಂದು, ಕಡ್ಡಿ ಒಂದೇ ಕಡೆ ಚೆನ್ನಾಗಿ ಕೂಗಿತು, ಆ ಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ ಎಂದರು. ಅದರಲ್ಲಿ ಕಾಯಿಲೆ ಇದ್ದರೆ ಮುಂದಿನ ಮಾತು ಬೇರೆ.

ಆಪರೇಷನ್ನಿನ ನೋವಿಗೆ ಅವಳ ಬಲಗೈ ಮೇಲೇಳುತ್ತಿರಲಿಲ್ಲ; ಫಲಿತಾಂಶ ಬರುವವರೆಗೆ ಅವಳ ತಲೆ ಬಾಚುವ ಕೆಲಸ ಅವರ ಪಾಲಿಗೆ ಬಂತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು, ಒಂದೊಂದೇ ಎಳೆ ಬಿಡಿಸುತ್ತ ಕೂತರು.

"ರೀ, ಸಿಕ್ಕು ಬಿಡಿಸಿ ಅಂದೆ, ಸರ್ವಿಸ್ ಮಾಡಿ ಅನ್ನಲಿಲ್ಲ."

"ಅಲ್ಲಾಡಬೇಡ."

ಆಗ ಫೋನ್ ಬಂತು. ಅವಳೇ ಎತ್ತಿಕೊಂಡಳು. "ಹೂಂ" ಎಂದಳು, ಮತ್ತೆ "ಹೂಂ" ಎಂದಳು. ಚಿಮಟ ಗಾಳಿಯಲ್ಲೇ ನಿಂತಿತು.

"ಆ ಗ್ರಂಥಿಯಲ್ಲಿ ಏನೂ ಇಲ್ಲವಂತೆ. ಉಳಿದದ್ದನ್ನ ಮುಟ್ಟಲ್ಲವಂತೆ."

ಅವರು ಚಿಮಟ ಕೆಳಗಿಟ್ಟರು. ಭೂತಗನ್ನಡಿ ಮಂಜಾಗಿತ್ತು. ಅವಳು ನೋವಿಗೆ ಹಲ್ಲು ಕಚ್ಚಿ ಬಲಗೈಯನ್ನು ಮೆಲ್ಲಗೆ ಭುಜದ ತನಕ ಎತ್ತಿ, ಹಿಂದಕ್ಕೆ ಚಾಚಿದಳು.

"ಬಾಚಣಿಗೆ ಕೊಡಿ ಇಲ್ಲಿ. ನೀವು ಬಾಚಿ ಮುಗಿಸೋದ್ರಲ್ಲಿ ನನ್ನ ಕೂದಲು ಬೆಳ್ಳಗಾಗತ್ತೆ."