ಅಗಳಿ

“ಮಲ್ಲೇಶಾ, ಈ ಡಬ್ಬಿ ಮತ್ತ ಮುನಿಸಿಕೊಂಡೈತಿ ನೋಡೋ,” ಎನ್ನುತ್ತ ಕಮಲವ್ವ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಮಗನ ಹಿಂದೆಯೇ ಬಾಗಿಲತನಕ ಬಂದಳು. ಧಾರಾವಾಹಿಯ ಜಾಗದಲ್ಲಿ ಕಪ್ಪು ಚೌಕ. ಜಾಹೀರಾತು ತಡೆಯುವುದನ್ನು ನಿಲ್ಲಿಸಿದರೆ ಮಾತ್ರ ತೋರಿಸುತ್ತೇವೆ ಎಂದು ಅದರ ಮೇಲೊಂದು ಸಾಲು. ಮಲ್ಲೇಶ ಒಂದು ಕಾಲಿಗಷ್ಟೇ ಬೂಟು ಹಾಕಿಕೊಂಡಿದ್ದ. ರೆಡ್ಮಂಡಿನ ಆಫೀಸಿಗೆ ಹೋಗುವ ಕಂಪನಿ ಬಸ್ಸು ಟೋಟೆಮ್ ಲೇಕಿನ ನಿಲ್ದಾಣಕ್ಕೆ ಬರುವ ಹೊತ್ತು. ಪರದೆಯ ಮೂಲೆಯಲ್ಲಿದ್ದ ಹಸಿರು ಗುಂಡಿಯನ್ನು ಒತ್ತಿ ಆರಿಸಿದ. ಗುಂಡಿ ಬೂದಿಬಣ್ಣಕ್ಕೆ ತಿರುಗಿತು, ಧಾರಾವಾಹಿಯ ಅತ್ತೆ ಸೊಸೆಯನ್ನು ಬೈಯತೊಡಗಿದಳು.

“ಶಾಣ್ಯಾ ನನ್ನ ಮಗ,” ಎಂದಳು ಕಮಲವ್ವ. ಸಂಜೆ ಬಂದು ಮತ್ತೆ ಹಾಕಿದರಾಯಿತು ಎಂದುಕೊಂಡವನು ಬಸ್ಸಿನಲ್ಲಿ ಕೂರುವಷ್ಟರಲ್ಲಿ ಮರೆತ.

ಆ ಗುಂಡಿಯನ್ನು ಮಾಡಿದವನೇ ಅವನು. ಬ್ರೌಸರಿಗೆ ಸಿಕ್ಕಿಸುವ ಆ ಪುಟ್ಟ ಪ್ರೋಗ್ರಾಮಿಗೆ ‘ಅಗಳಿ’ ಎಂದು ಹೆಸರಿಟ್ಟಿದ್ದ. ಯಾರು ಏನು ನೋಡಿದರು, ಏನು ಹುಡುಕಿದರು ಎಂದು ಬೆನ್ನು ಹತ್ತಿ ಬರುವ ಜಾಹೀರಾತಿನವರನ್ನು ಅದು ಬಾಗಿಲಿಗೆ ಹಾಕಿದ ಅಗಳಿಯ ಹಾಗೆ ಹೊಸ್ತಿಲಲ್ಲೇ ತಡೆಯುತ್ತಿತ್ತು. ಪುಕ್ಕಟೆಯಾಗಿ ಸಿಗುತ್ತಿತ್ತು. ಒಳಗಿನ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಬ್ರೆಜಿಲ್, ಪೋಲೆಂಡಿನ ಮುಖ ಕಾಣದ ಜನ ತಿದ್ದಿ ಕಳಿಸುತ್ತಿದ್ದರು, ಜೊತೆಗೆ ನಾಲ್ಕು ಹೊಗಳಿಕೆಯ ಮಾತು. ಹೊಗಳಿಕೆ ಅವನಿಗೆ ರುಚಿಸತೊಡಗಿತ್ತು. ಆದರೆ ಅದನ್ನು ಶುರುಮಾಡಿದ್ದು ಒಬ್ಬಳಿಗಾಗಿ.

ಹೋದ ಚಳಿಗಾಲದಲ್ಲಿ ಅವನ ಹೆಂಡತಿ ತ್ರಿವೇಣಿಗೆ ನಾಲ್ಕು ತಿಂಗಳಾಗಿದ್ದಾಗ ಗರ್ಭ ಹೋಗಿತ್ತು. ಐದು ತುಂಬಿ ಬಸುರಿಗೆ ಕುಬಸ ಮಾಡುವ ಮಾತು ಬರುವತನಕ ಬಾಯಿ ಬಿಡಬಾರದೆಂದು ಊರಿಗೆ ತಿಳಿಸಿರಲಿಲ್ಲ. ಆಮೇಲೆ ತಿಳಿಸುವುದಕ್ಕೇನೂ ಉಳಿಯಲಿಲ್ಲ. ಮರೆಯೋಣವೆಂದರೆ ಜಾಹೀರಾತಿನವರು ಬಿಡಬೇಕಲ್ಲ! ಹೆರಿಗೆಯ ದಿನವನ್ನು ಅವಳು ಯಾವುದೋ ವೆಬ್‌ಸೈಟಿನಲ್ಲಿ ಖುಷಿಯಿಂದ ತುಂಬಿದ್ದಳು. ಹವಾಮಾನ ನೋಡಿದರೂ ತೊಟ್ಟಿಲು, ಪಲ್ಯ ಮಾಡುವುದು ಹೇಗೆಂದು ನೋಡಿದರೂ ತೊಟ್ಟಿಲು. ಒಂದು ದಿನ ತನ್ನ ಲ್ಯಾಪ್‌ಟಾಪನ್ನು ಮುಚ್ಚಿ ಬೀರುವಿಗೆ ಹಾಕಿಬಿಟ್ಟಳು. ಆಗ ಮಲ್ಲೇಶ ಹಟ ಹಿಡಿದು ಕೂತು ಅಗಳಿ ಬರೆದ. “ಇನ್ನು ಬರಲ್ಲ. ನಾನಿದೀನಿ,” ಎಂದ. ಅವಳು ನಂಬಿದಳು.

ಅತ್ತೆ ಊರಿನಿಂದ ಈ ಪರದೇಶಕ್ಕೆ ಬರುವಾಗ ಅವಳು ಗಂಡನನ್ನು ಕೇಳಿಕೊಂಡದ್ದು ಒಂದೇ. “ಅವರಿಗೆ ಗೊತ್ತಾಗೋದು ಬೇಡ ಮಲ್ಲೇಶ್. ಅವರು ಅಳೋದನ್ನ ನೋಡೋ ಶಕ್ತಿ ನನಗಿಲ್ಲ.” ಧಾರಾವಾಹಿ ನೋಡಲೆಂದು ಬೀರುವಿನಲ್ಲಿದ್ದ ಲ್ಯಾಪ್‌ಟಾಪನ್ನು ಅತ್ತೆಗೆ ತೆಗೆದುಕೊಟ್ಟವಳೂ ಅವಳೇ.

ಗುಂಡಿ ಆರಿದ ಮೇಲೆ ಕಮಲವ್ವನ ವರಸೆ ಬದಲಾಯಿತು. ಒಗೆಯುವ ಬಟ್ಟೆಯ ಬುಟ್ಟಿಯನ್ನು ಸೊಸೆಗೆ ಎತ್ತಗೊಡಲೊಲ್ಲಳು. ಅಂಟು, ಉತ್ತತ್ತಿ ತರಿಸಿ ಉಂಡಿ ಕಟ್ಟಿದಳು. ಸೊಸೆ ತಿನ್ನುವತನಕ ಎದುರಿಗೇ ಕೂತಿರುತ್ತಿದ್ದಳು. “ನಿಮ್ಮಮ್ಮ ಎಷ್ಟು ಒಳ್ಳೆಯವರು,” ಎಂದು ತ್ರಿವೇಣಿ ಗಂಡನಿಗೆ ಹೇಳಿದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಒಂದಿಷ್ಟು ಕಳೆ ಬಂದಿತ್ತು. ಮಲ್ಲೇಶನೂ ಹಿಗ್ಗಿದ.

ಭಾನುವಾರ ಚಹಾ ಕುಡಿಯುವಾಗ ಕಮಲವ್ವ ಸೆರಗಿನ ಮರೆಯಿಂದ ಏನನ್ನೋ ತೆಗೆದು ಸೊಸೆಯ ಮಡಿಲಲ್ಲಿಟ್ಟಳು. ಕುಂಚಿಗೆ. ತನ್ನ ಇಳಕಲ್ ಸೀರೆಯ ಸೆರಗನ್ನೇ ಕತ್ತರಿಸಿ ಹೊಲಿದದ್ದು, ಕೂಸಿನ ನೆತ್ತಿಯಿಂದ ಬೆನ್ನತನಕ ಬೆಚ್ಚಗೆ ಮುಚ್ಚುವಂಥದ್ದು.

“ಬಸಿರು ಮುಚ್ಚಿಟ್ಟರ ಮುಚ್ಚತೈತೇನವ್ವಾ? ನನ್ನ ಮುಂದ ಹೇಳಲಿಲ್ಲ ನೀವು. ನನಗ ಇಂಗ್ಲಿಷ್ ಬರಾಂಗಿಲ್ಲ, ಖರೆ. ಚಿತ್ರ ಕಾಣಾಂಗಿಲ್ಲೇನು? ಡಬ್ಬಿ ತೆಗೆದರ ಸಾಕು, ಬರೇ ತೊಟ್ಟಿಲಾ, ಕೂಸಿನ ಅಂಗಿ. ನಾವು ಏನು ಹುಡುಕಿರತೀವಿ ಅದ ಕಾಣತೈತಂತ ಮಲ್ಲೇಶನೇ ಹೇಳಿದ್ದನಲ್ಲ. ನಾ ಅಂತೂ ಹುಡುಕಿಲ್ಲ!” ಎಂದು ಕಮಲವ್ವ ನಕ್ಕಳು. “ಈಗ ಎಷ್ಟ ತಿಂಗಳಾತವ್ವಾ?”

ತ್ರಿವೇಣಿ ಎದ್ದು ಹೋಗಿ ಲ್ಯಾಪ್‌ಟಾಪ್ ತೆರೆದಳು. ನಿಂತ ಧಾರಾವಾಹಿಯ ಪಕ್ಕದಲ್ಲಿ ಬಿಳಿಯ ತೊಟ್ಟಿಲೊಂದು ತನ್ನಷ್ಟಕ್ಕೆ ತೂಗುತ್ತಿತ್ತು. ಮೂರು ತಿಂಗಳ ನಿಮ್ಮ ಮಗುವಿಗೆ ಎಂದು ಅದರ ಕೆಳಗೆ ಬರೆದಿತ್ತು.

“ಏನೋ ಬಗ್ ಇರಬೇಕು,” ಎಂದ ಮಲ್ಲೇಶ. ಬಾಯಿಗೆ ಬಂದದ್ದು ಸುಳ್ಳು, ಅದೂ ಅವಳ ಮುಂದೆ.

“ಬಗ್ ಇದ್ರೆ ಗುಂಡಿ ಕೆಂಪಗಿರುತ್ತೆ. ಇದು ಆಫ್ ಆಗಿದೆ. ನೀನೇ ಹೇಳಿಕೊಟ್ಟಿದ್ದು.”

“ಅವ್ವನ ಸೀರಿಯಲ್ ಬರ್ತಿರಲಿಲ್ಲ. ಬಸ್ಸಿಗೆ ಲೇಟಾಗಿತ್ತು ತ್ರಿವೇಣಿ...”

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಅಂಥವನ ಮುಖವನ್ನು ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

“ಜೂನಲ್ಲಿ ಹುಟ್ಟಬೇಕಿತ್ತು ಅತ್ತೆ. ನಾಲ್ಕು ತಿಂಗಳಿಗೇ ಹೋಯ್ತು.”

ಕಮಲವ್ವನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಬಾಯಿಗೆ ಸೆರಗು ಒತ್ತಿಕೊಂಡಳು. “ಯವ್ವಾ, ಬಸುರಿ ಅಂತ ಉಂಡಿ ತಿನ್ನಿಸಿದೆನಲ್ಲ... ನನ್ನ ಕೈಯಾರೆ ತಿನ್ನಿಸಿದೆನಲ್ಲ,” ಎಂದು ಕುಸಿದು ಕೂತು ಅಳತೊಡಗಿದಳು. ತ್ರಿವೇಣಿ ಪಕ್ಕದಲ್ಲಿ ಕೂತು ಅತ್ತೆಯ ಬೆನ್ನು ಸವರಿದಳು. ಸಮಾಧಾನ ಹೇಳುವ ಕೆಲಸವೂ ಅವಳ ಪಾಲಿಗೇ ಬಂತು. ಮಲ್ಲೇಶ ಹತ್ತಿರ ಬಂದಾಗ ಕೈ ಅಡ್ಡ ಹಿಡಿದಳು.

ಮಾಡುವುದಕ್ಕೆ ಬೇರೇನೂ ತೋಚದೆ ಅವನು ಗುಂಡಿ ಒತ್ತಿದ. ಅದು ಹಸಿರಾಯಿತು. ಧಾರಾವಾಹಿ ಕಪ್ಪಾಯಿತು. ಅದರ ಪಕ್ಕದಲ್ಲಿ, ತೊಟ್ಟಿಲು ಇದ್ದಷ್ಟೇ ಜಾಗ, ಬೆಳ್ಳಗೆ ಖಾಲಿ ಉಳಿಯಿತು.