ಚಿಕ್ಕ ಗಣಿತ

ಅವಳಿಗೆ ಲೆಕ್ಕದಮ್ಮ ಎಂದು ಹೆಸರಿಟ್ಟವನು ಅಪ್ಪ. ಅಪ್ಪ ಲಿಫ್ಟ್ ಮೆಕ್ಯಾನಿಕ್. ರಜೆಯ ದಿನ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಕಟ್ಟಡದ ನೆತ್ತಿಯ ಮೇಲಿನ ಮೋಟಾರ್ ಕೋಣೆಯ ಮೂಲೆಯಲ್ಲಿ ಕೂರಿಸುತ್ತಿದ್ದ. ಗ್ರೀಸಿನ ವಾಸನೆ, ಉಕ್ಕಿನ ಹಗ್ಗಗಳ ಗುಂಯ್ ಸದ್ದು. ಇಷ್ಟು ಜನ ಹತ್ತಿದರೆ ಹಗ್ಗದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಅಪ್ಪ ಕೇಳುವುದೇ ತಡ, ಅವಳು ಬಾಯಲ್ಲೇ ಲೆಕ್ಕ ಹಾಕಿ ಹೇಳಿಬಿಡುತ್ತಿದ್ದಳು. ಅಪ್ಪ ರಿಪೇರಿ ಮಾಡುವಂಥ ಲಿಫ್ಟುಗಳನ್ನು ತಾನು ಮುಂದೆ ವಿನ್ಯಾಸ ಮಾಡುವವಳು ಎಂದು ಅಲ್ಲೇ ತೀರ್ಮಾನಿಸಿಬಿಟ್ಟಿದ್ದಳು. "ಹಾಗಾದ್ರೆ ಕೆಡದೇ ಇರೋ ಲಿಫ್ಟ್ ಮಾತ್ರ ಮಾಡ್ಬೇಡ ಮಾರಾಯ್ತಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡ" ಎಂದು ಅಪ್ಪ ನಗುತ್ತಿದ್ದ.

ಹೈಸ್ಕೂಲಿನ ಕೊನೆಯ ಎರಡು ವರ್ಷಕ್ಕೆ ಗಣಿತದಲ್ಲಿ ಎರಡು ಬಗೆಯಿತ್ತು. ಮಕ್ಕಳ ಬಾಯಲ್ಲಿ ಒಂದು ದೊಡ್ಡ ಗಣಿತ, ಇನ್ನೊಂದು ಚಿಕ್ಕ ಗಣಿತ. ಚಿಕ್ಕದರಲ್ಲಿ ಬಡ್ಡಿ, ಶೇಕಡಾವಾರು, ಸರಾಸರಿ, ಒಂದಷ್ಟು ರೇಖಾಗಣಿತ. ದೊಡ್ಡದು ಕಲನಶಾಸ್ತ್ರದವರೆಗೂ ಹೋಗುತ್ತಿತ್ತು. ಅದನ್ನು ಆರಿಸಿಕೊಳ್ಳುವವರು ಬೆರಳೆಣಿಕೆಯಷ್ಟು ಮಂದಿ. ಲೆಕ್ಕದಮ್ಮ ದೊಡ್ಡದನ್ನೇ ಕೇಳಿದಳು. ಹೆಡ್‌ಮಾಸ್ತರರು ಅವಳ ಅಪ್ಪನಿಗೆ ಹೇಳಿ ಕಳಿಸಿದರು.

ಅವರೇನೂ ಕೆಟ್ಟವರಲ್ಲ. ಶಾಲೆಯ ಪ್ರತಿ ಮಗುವಿನ ಮನೆಯ ಕಷ್ಟಸುಖ ಬಲ್ಲವರು. ಕೆಲಸದ ಬಟ್ಟೆಯಲ್ಲೇ ಬಂದು ಕುರ್ಚಿಯ ಅಂಚಿನಲ್ಲಿ ಕೂತ ಅಪ್ಪನಿಗೆ ನಿಧಾನವಾಗಿ ತಿಳಿಸಿ ಹೇಳಿದರು. "ದೊಡ್ಡದು ತಗೊಂಡ್ರೆ ಅರವತ್ತು ಬರೋದೂ ಕಷ್ಟ. ಚಿಕ್ಕದ್ರಲ್ಲಿ ನಿಮ್ಮ ಮಗಳು ಕಣ್ಣು ಮುಚ್ಕೊಂಡು ತೊಂಬತ್ತು ದಾಟ್ತಾಳೆ. ಯೂನಿವರ್ಸಿಟಿಯವ್ರು ನೋಡೋದು ಅಂಕಾನ."

ಎಂಜಿನಿಯರಿಂಗ್‌ಗೆ ತೊಂದರೆ ಆಗುವುದಿಲ್ಲವೇ ಎಂದು ಅಪ್ಪ ಕೇಳಿದ. ಸೀಟಿಗೆ ಏನೂ ತೊಂದರೆಯಿಲ್ಲ ಎಂದರು. ಅಪ್ಪ ಮಗಳ ಮುಖ ನೋಡಿದ. ಇಷ್ಟು ಓದಿದವರು ಹೇಳುವಾಗ ನಾವು ಅಡ್ಡ ಮಾತಾಡುವುದು ಹೇಗೆ ಎಂಬ ಭಾವ ಅವನ ಕಣ್ಣಿನಲ್ಲಿತ್ತು. ಅವಳು ತಲೆಯಾಡಿಸಿದಳು.

ಹೆಡ್‌ಮಾಸ್ತರರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ. ಅವಳು ಶಾಲೆಗೇ ಮೊದಲಿಗಳಾದಳು. ಸೀಟು ಸಿಕ್ಕಿತು. ದೂರದ ಊರಿನ ಹಾಸ್ಟೆಲಿಗೆ ಅಪ್ಪನೇ ಹೋಗಿ ಬಿಟ್ಟು ಬಂದ.

ಮೊದಲ ವಾರವೇ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಹಾವಿನಂತೆ ಉದ್ದಕ್ಕೆ ಎಳೆದ ಒಂದು ಚಿಹ್ನೆ ಬರೆದು, ಇದನ್ನೆಲ್ಲ ಶಾಲೆಯಲ್ಲೇ ಮಾಡಿ ಬಂದಿದ್ದೀರಿ, ಮುಂದಕ್ಕೆ ಹೋಗೋಣ ಎಂದು ಒರೆಸಿಬಿಟ್ಟರು. ಸುತ್ತಲಿನವರ ಪೆನ್ನುಗಳೆಲ್ಲ ಸರಸರ ಓಡುತ್ತಿದ್ದವು. ಅವಳಿಗೆ ತಲೆಬುಡ ತಿಳಿಯಲಿಲ್ಲ. ಯಾವುದೋ ಒಂದು ಕ್ಲಾಸು ತನಗೆ ತಪ್ಪಿಹೋಗಿರಬೇಕು ಎಂದುಕೊಂಡಳು. ಪಕ್ಕದ ಹುಡುಗಿಯನ್ನು ಕೇಳಿದಾಗ ಗೊತ್ತಾಯಿತು, ತಪ್ಪಿದ್ದು ಎರಡು ವರ್ಷ.

ಆ ಹುಡುಗಿಯ ಹಳೆಯ ಶಾಲಾಪುಸ್ತಕ ತರಿಸಿಕೊಂಡು ಓದಲು ಕೂತಳು. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ ಎಂದಲ್ಲ. ಹತ್ತುತ್ತಿತ್ತು, ಖುಷಿಯೂ ಆಗುತ್ತಿತ್ತು. ಆದರೆ ಅವಳು ಒಂದು ಪಾಠ ಮುಗಿಸುವಷ್ಟರಲ್ಲಿ ಕ್ಲಾಸು ಮೂರು ಪಾಠ ಮುಂದಿರುತ್ತಿತ್ತು. ಯಂತ್ರಶಾಸ್ತ್ರ, ವಿದ್ಯುತ್ತು, ಯಾವ ವಿಷಯಕ್ಕೆ ಕೈ ಹಾಕಿದರೂ ಒಳಗೆ ಅದೇ ಚಿಹ್ನೆ ಕೂತಿರುತ್ತಿತ್ತು. ಹಿಂದುಳಿದವರಿಗೆಂದು ಶನಿವಾರ ಒಂದು ಕ್ಲಾಸಿತ್ತು. ಅಲ್ಲಿ ಉಳಿದವರು ಮರೆತದ್ದನ್ನು ನೆನಪು ಮಾಡಿಕೊಳ್ಳುತ್ತಿದ್ದರು, ಅವಳಿಗೆ ನೆನಪು ಮಾಡಿಕೊಳ್ಳಲು ಏನೂ ಇರಲಿಲ್ಲ. ಅಪ್ಪ ಫೋನ್ ಮಾಡಿದಾಗಲೆಲ್ಲ ಚೆನ್ನಾಗಿ ನಡೀತಿದೆ ಎನ್ನುತ್ತಿದ್ದಳು.

ಮೊದಲ ಸಲ ಫೇಲಾದಾಗ ಅತ್ತಳು. ಎರಡನೇ ಸಲ ಫೇಲಾದಾಗ ಮೇಷ್ಟ್ರ ಕೋಣೆಗೆ ಹೋದಳು. ಅವರು ಕೂರಲು ಹೇಳಿ, ಅವಳ ಉತ್ತರಪತ್ರಿಕೆ ತೆಗೆದು ನಿಧಾನವಾಗಿ ನೋಡಿದರು.

"ನೋಡಮ್ಮ, ನಿನಗೆ ಬುದ್ಧಿ ಕಮ್ಮಿ ಇಲ್ಲ. ಚಿಕ್ಕ ಗಣಿತ ಮಾಡ್ಕೊಂಡು ಬಂದೋರು ಯಾರು ಅಂತ ನಂಗೆ ಎರಡನೇ ವಾರಕ್ಕೇ ಗೊತ್ತಾಗತ್ತೆ. ಪ್ರತಿವರ್ಷ ಇರ್ತಾರೆ."

"ಗೊತ್ತಿದ್ದೂ ಯಾಕೆ ಸರ್ ಸೇರಿಸ್ಕೋತೀರಿ?"

"ಸೇರಿಸ್ಕೊಳ್ಳೋದು ಆಫೀಸಿನವರು. ಅವರು ಅಂಕ ನೋಡ್ತಾರೆ" ಎಂದರು. ಉತ್ತರಪತ್ರಿಕೆ ಮಡಚಿಟ್ಟು, ಊಟ ಆಯ್ತೇನಮ್ಮ ಎಂದು ಕೇಳಿದರು. ಅವರ ಆ ಕನಿಕರದ ಮುಂದೆ ಅವಳಿಗೆ ಸಿಟ್ಟು ಮಾಡಲೂ ಆಗಲಿಲ್ಲ.

ಎರಡು ಸಲ ಫೇಲಾದವರಿಗೆ ಅಲ್ಲಿ ಜಾಗವಿರಲಿಲ್ಲ. ಪೆಟ್ಟಿಗೆ ಹಿಡಿದು ಮನೆಗೆ ಬಂದಳು. ಅಮ್ಮ ಏನೂ ಕೇಳದೆ ಬಡಿಸಿದಳು. ಅಷ್ಟು ಕಷ್ಟ ಇತ್ತಾ ಎಂದು ಅಪ್ಪ ಒಂದೇ ಸಲ ಕೇಳಿದ. ಕಷ್ಟ ಇರಲಿಲ್ಲ, ತಡವಾಗಿತ್ತು ಎಂದು ಹೇಳಬೇಕೆನಿಸಿತು, ಹೂಂ ಎಂದಷ್ಟೇ ಹೇಳಿ ಅನ್ನ ಕಲಸಿದಳು. ಅಂದಿನಿಂದ ಅಪ್ಪ ಅವಳನ್ನು ಲೆಕ್ಕದಮ್ಮ ಎಂದು ಕರೆಯಲಿಲ್ಲ. ಅವಳ ಮನಸ್ಸು ನೋಯಬಾರದೆಂದೇ ಅವನು ಹಾಗೆ ಮಾಡಿದ್ದು. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಪಾತ್ರೆ ಅಂಗಡಿಯೊಂದರ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದಳು.

ಅವಳಿಗಿಂತ ಕೆಲವು ವರ್ಷ ಚಿಕ್ಕವಳಾದ ತಂಗಿ ಗಣಿತ ಆರಿಸಿಕೊಳ್ಳುವ ಆ ಘಟ್ಟ ತಲುಪಿದಾಗ ಅಕ್ಕ ಅರ್ಧ ದಿನ ರಜೆ ಹಾಕಿ ಶಾಲೆಗೆ ಓಡಿದಳು. ಹೆಡ್‌ಮಾಸ್ತರರು ಅವಳನ್ನು ಕಂಡು ನಿಜಕ್ಕೂ ಖುಷಿಪಟ್ಟರು. ಅವಳು ನಡೆದದ್ದನ್ನೆಲ್ಲ ಹೇಳಿ, ತಂಗಿಯನ್ನು ದೊಡ್ಡ ಗಣಿತಕ್ಕೇ ಹಾಕಿ ಎಂದು ಕೇಳಿಕೊಂಡಳು. ಅವರ ಮುಖ ಸಪ್ಪಗಾಯಿತು.

"ಎಲ್ಲಿಗೆ ಹಾಕ್ಲಮ್ಮ? ಯಾರೂ ತಗೋತಿರ್ಲಿಲ್ಲ. ಪಾಠ ಮಾಡೋರು ರಿಟೈರಾದ್ಮೇಲೆ ಆ ಕ್ಲಾಸನ್ನೇ ಮುಚ್ಚಿಬಿಟ್ವಿ."

ಬೇರೆ ಶಾಲೆಯೆಂದರೆ ಮೂರು ಬಸ್ಸು ಬದಲಿಸಬೇಕು, ಅಲ್ಲೂ ಸೀಟಿಲ್ಲ. ಹಾಗಾದರೆ ನಾನೇ ಕಲಿಸುತ್ತೇನೆ ಎಂದು ಅಕ್ಕ ಹಟಕ್ಕೆ ಬಿದ್ದಳು. ಗೋದಾಮಿನಿಂದ ಬಂದು ಕೈ ತೊಳೆದವಳೇ ತಂಗಿಯನ್ನು ಅಡುಗೆಮನೆಯ ಮೇಜಿಗೆ ಎಳೆದು ಕೂರಿಸುತ್ತಿದ್ದಳು. ಕೆಲವು ವಾರ ನಡೆಯಿತು. ಆಮೇಲೆ, ಆ ಚಿಹ್ನೆಯ ಪಾಠಕ್ಕೆ ಬರುವ ಮೊದಲೇ, ತಂಗಿ ಆಕಳಿಸತೊಡಗಿದಳು.

"ಪರೀಕ್ಷೆಗೆ ಬರಲ್ವಲ್ಲ ಅಕ್ಕಾ ಇದು. ಬರೋದನ್ನ ಓದ್ಲಿಕ್ಕೇ ಟೈಮ್ ಸಾಲ್ತಿಲ್ಲ. ಮತ್ತೆ ನಾನೇನು ಎಂಜಿನಿಯರಿಂಗ್ ಮಾಡ್ತೀನಾ? ಅರ್ಥಶಾಸ್ತ್ರ ತಾನೆ. ಅಲ್ಲಿ ಇದ್ಯಾವುದೂ ಇರಲ್ಲ."

ಇರುವುದಿಲ್ಲ ಎಂದು ಶಾಲೆಯಲ್ಲೂ ಹೇಳಿದ್ದರಂತೆ. ಅಕ್ಕನಿಗೂ ಅದು ಖಚಿತವಾಗಿ ಗೊತ್ತಿರಲಿಲ್ಲ. ತನ್ನ ಭಯವನ್ನು ಮಗುವಿನ ತಲೆಗೆ ಕಟ್ಟುತ್ತಿದ್ದೇನೇನೋ ಎನಿಸಿ ಕೈಬಿಟ್ಟಳು. ತಂಗಿಗೂ ಒಳ್ಳೆಯ ಅಂಕ ಬಂತು, ಸೀಟೂ ಸಿಕ್ಕಿತು. ಅಪ್ಪ ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕ. ಅಕ್ಕ ಪೆಟ್ಟಿಗೆ ತುಂಬಿಕೊಟ್ಟಳು.

ಫೋನ್ ಬಂದಾಗ ಅವಳು ಗೋದಾಮಿನ ಹಿಂಬಾಗಿಲಲ್ಲಿ ಚಹಾ ಕುಡಿಯುತ್ತಿದ್ದಳು. ತಂಗಿಯ ದನಿ ಕುಗ್ಗಿತ್ತು. ಅರ್ಥಶಾಸ್ತ್ರದ ಮೇಷ್ಟ್ರು ಏನೋ ಒಂದು ಚಿಹ್ನೆ ಬರೆದು, ಇದು ಶಾಲೆಯಲ್ಲೇ ಆಗಿದೆ ಎಂದು ಒರೆಸಿಬಿಟ್ಟರಂತೆ. ಎಲ್ಲರೂ ಬರೆದುಕೊಳ್ಳುತ್ತಿದ್ದರಂತೆ.

"ಉದ್ದಕ್ಕೆ ಎಳ್ದಿರತ್ತಲ್ಲ, ಅದಾ?" ಎಂದಳು ಅಕ್ಕ.

"ಹೂಂ. ಏನಕ್ಕಾ ಅದು?"

ಚಹಾದ ಲೋಟ ಕೆಳಗಿಟ್ಟು, ಗೋಡೆಗೆ ಒರಗಿ, ಅಕ್ಕ ಮೊದಲಿನಿಂದ ಹೇಳಲು ಶುರು ಮಾಡಿದಳು. ತಾಳ್ಮೆಯಿಂದ, ಬಿಡಿಸಿ ಬಿಡಿಸಿ, ತನಗೆ ಗೊತ್ತಿದ್ದಷ್ಟನ್ನೂ ಹೇಳಿದಳು. ತಂಗಿ ಎಲ್ಲಕ್ಕೂ ಹೂಂಗುಟ್ಟುತ್ತ, ಅದಾದ ಮೇಲೆ, ಅದಾದ ಮೇಲೆ ಎಂದು ಕೇಳುತ್ತಲೇ ಹೋದಳು.

"ಅಲ್ಲಿಂದಾಚೆಗೆ ನಂಗೂ ಬರಲ್ಲ ಕಣೇ" ಎಂದಳು ಅಕ್ಕ.

ಇಬ್ಬರೂ ಫೋನ್ ಇಡಲಿಲ್ಲ.