ಒಬ್ಬನೇ ಬಾ

ಲಸಿಕೆ ಇಡುವ ಫ್ರಿಜ್ಜಿನ ಮುಳ್ಳು ಎಂಟು ಡಿಗ್ರಿಯ ಹತ್ತಿರ ಬಂದುಬಿಟ್ಟಿತ್ತು. ನರ್ಸಕ್ಕ ಒಂದೊಂದೇ ಸೀಸೆಯನ್ನು ಎತ್ತಿ ಐಸ್ ಪೆಟ್ಟಿಗೆಯಲ್ಲಿ ಜೋಡಿಸುತ್ತಾ, "ಇನ್ನೊಂದು ಗೆರೆ ಏರಿದ್ರೆ ಇದೆಲ್ಲ ಬರೀ ನೀರು," ಎಂದು ಗೊಣಗಿದಳು.

"ಮೆಕ್ಯಾನಿಕ್ ಹೊರಟಿದ್ದಾನಂತೆ ಕಣೇ. ನೀನು ಒಳಗೆ ಹೋಗು, ಅಪ್ಪ ಅಮ್ಮಂದಿರು ಬಂದು ಕೂತಿದ್ದಾರೆ," ಎಂದಳು ಸಂಚಾಲಕಿ. ಗಂಡು ಎಂದು ಬರೆಸಿಕೊಂಡು ಹುಟ್ಟಿ, ಹೆಣ್ಣಾಗಿ ಬದುಕಲು ಮನೆ ಬಿಟ್ಟು ಬಂದವಳು ಆಕೆ. ಔಷಧಿ ಅಂಗಡಿಯ ಮೇಲಿನ ಈ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು ಕೇಂದ್ರ ತೆರೆದು ಹನ್ನೆರಡು ವರ್ಷವಾಗಿತ್ತು. ಬೇರೆ ಆಸ್ಪತ್ರೆಗಳಲ್ಲಿ ಬಾಯಿ ಬಿಡಲಾಗದವರು ಇಲ್ಲಿಗೆ ಬಂದು ರಕ್ತ ಪರೀಕ್ಷೆ ಮಾಡಿಸುತ್ತಿದ್ದರು, ಲಸಿಕೆ ಹಾಕಿಸಿಕೊಳ್ಳುತ್ತಿದ್ದರು. ಕೆಲವರು ಏನೂ ಬೇಡವೆಂದು ಸುಮ್ಮನೆ ಒಂದು ಗಂಟೆ ಕೂತು ಹೋಗುತ್ತಿದ್ದರು. ಶನಿವಾರ ಬೆಳಿಗ್ಗೆ ಅವರ ಹೆತ್ತವರ ಸಭೆ. ಅದರ ಹೊಣೆ ನರ್ಸಕ್ಕನದು. ಅವಳಿಗೆ ಮಾತು ಚೆನ್ನಾಗಿ ಬರುತ್ತಿತ್ತು.

ಅಂದು ಬಂದಿದ್ದವರು ಐದು ಜನ. ಮುಂದಿನ ಸಾಲಿನಲ್ಲಿ ದರ್ಜಿ ಹೆಂಗಸು. ಮಗ ತನ್ನ ಗೆಳೆಯನ ಜೊತೆ ಬೇರೆ ಮನೆ ಮಾಡಿದ ಮೇಲೆ, ಯಾರೋ ಹೇಳಿದರೆಂದು ಮೂರು ವಾರದಿಂದ ಬರುತ್ತಿದ್ದಳು. ಬಂದಾಗಲೆಲ್ಲ ಎರಡೂ ಕೈ ಕಟ್ಟಿಕೊಂಡು ಕೂರುತ್ತಿದ್ದಳು.

"ಮಗನ್ನ ಊಟಕ್ಕೆ ಕರೀತೀನಿ ಅಕ್ಕ. ಆದ್ರೆ ಆ ಹುಡುಗನ್ನ ಕರೆಯೋಕೆ ಮನಸ್ಸು ಬರಲ್ಲ," ಎಂದಳು.

"ಮಗನ್ನ ಕರೆದ್ರೆ ಜೊತೆಗಿರೋನನ್ನೂ ಕರೀಬೇಕಮ್ಮ. ಅರ್ಧ ಮನುಷ್ಯನ್ನ ಮನೆಗೆ ಕರೆಯೋಕಾಗುತ್ತಾ?"

ಎಲ್ಲರೂ ತಲೆಯಾಡಿಸಿದರು. ಪ್ಲೈವುಡ್ ಗೋಡೆಯ ಆಚೆ ಮೆಕ್ಯಾನಿಕ್ ಆಗಲೇ ಬಂದಿದ್ದ, ಸ್ಕ್ರೂ ಬಿಚ್ಚುವ ಸದ್ದು ಕೇಳಿಸುತ್ತಿತ್ತು.

ದರ್ಜಿ ಹೆಂಗಸು ಮುಂದಕ್ಕೆ ಬಾಗಿದಳು. "ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮನೇಲಿ ಯಾರಾದ್ರೂ ಹೀಗಿದ್ದಾರಾ?"

"ಇಲ್ಲಮ್ಮ," ಎಂದಳು ನರ್ಸಕ್ಕ. ಉತ್ತರ ಉಸಿರಿನಷ್ಟೇ ಸಲೀಸಾಗಿ ಬಂದಿತ್ತು. "ನಮ್ಮನೇಲಿ ಆ ಥರ ಯಾರೂ ಇಲ್ಲ."

ಆಚೆ ಸ್ಕ್ರೂ ತಿರುಗಿಸುವ ಸದ್ದು ನಿಂತಿತು. ಒಂದು ಕೆಮ್ಮು. ಎರಡು ಸಲ ಸಣ್ಣಗೆ, ಮೂರನೆಯದು ಜೋರಾಗಿ. ಆ ಕೆಮ್ಮನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಕೆಮ್ಮುವವನ ಬೆನ್ನು ನೀವಿ ಎಷ್ಟೋ ಸಲ ಮಲಗಿಸಿದ್ದಳು.

"ಒಂದು ನಿಮಿಷ," ಎಂದು ಎದ್ದಳು.

ಫ್ರಿಜ್ಜನ್ನು ಗೋಡೆಯಿಂದ ಎಳೆದು, ಅದರ ಹಿಂದೆ ಮಂಡಿಯೂರಿ ಕೂತಿದ್ದವನು ಅವಳ ತಮ್ಮ. ಮನೆಯಲ್ಲಿ ಅವನನ್ನು ಕರೆಯುತ್ತಿದ್ದದ್ದು ಗುಬ್ಬಿ ಎಂದು. ಈಗ ಆರಡಿ ಆಳು, ಕಿವಿಯ ಪಕ್ಕ ಕೂದಲು ನರೆತಿತ್ತು. ಎರಡು ವರ್ಷದಿಂದ ಅವಳು ಅವನ ಮುಖ ನೋಡಿರಲಿಲ್ಲ. ಅವನು ತಲೆಯೆತ್ತಿ ನೋಡಿದ. ಪಕ್ಕದಲ್ಲೇ ಸಂಚಾಲಕಿ ನಿಂತಿದ್ದಳು.

"ಸ್ವಲ್ಪ ಟಾರ್ಚ್ ಹಿಡೀತೀರಾ, ಮೇಡಂ?" ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ತಾನು ಆಡಿದ ಸುಳ್ಳನ್ನು ಅವನು ತನಗೋಸ್ಕರ ಕಾಪಾಡುತ್ತಿದ್ದಾನೆ ಎಂದು ತಿಳಿದಾಗ ಅವಳ ಕಿವಿಗಳು ಬಿಸಿಯಾದವು. ಟಾರ್ಚ್ ಹಿಡಿದಳು. ಬೆಳಕು ಬಲಕ್ಕೆ ಬಿದ್ದಿತು. ಅವನು ಅವಳ ಮಣಿಕಟ್ಟನ್ನು ಮುಟ್ಟದೆ, "ಇನ್ನೂ ಸ್ವಲ್ಪ ಎಡಕ್ಕೆ," ಎಂದಷ್ಟೇ ಹೇಳಿ, ಸುಟ್ಟಿದ್ದ ರಿಲೇ ತೆಗೆದು ಹೊಸದನ್ನು ಕೂರಿಸಿದ. ಮೋಟರು ಗುರ್ ಎಂದು ಶುರುವಾಯಿತು.

"ನಾಲ್ಕು ಗಂಟೆ ಬಾಗಿಲು ತೆಗೀಬೇಡಿ. ಇಲ್ಲೊಂದು ಸೈನ್ ಹಾಕಿ, ಮೇಡಂ."

ಅವಳು ಸಹಿ ಹಾಕಿದಳು. ಸಂಚಾಲಕಿ ಇಬ್ಬರ ಮುಖವನ್ನೂ ಒಂದೊಂದಾಗಿ ನೋಡಿ, "ನಿಮ್ಮಿಬ್ಬರಿಗೂ ಮೊದ್ಲೇ ಪರಿಚಯ ಇದೆಯಾ?" ಎಂದಳು.

"ಇಲ್ಲ," ಎಂದ ತಮ್ಮ, ಚೀಲ ಹೆಗಲಿಗೇರಿಸುತ್ತಾ.

ನರ್ಸಕ್ಕ ಮೆಟ್ಟಿಲಿಳಿದು ಓಡಿದಾಗ ಅವನು ಔಷಧಿ ಅಂಗಡಿಯ ಮುಂದೆ ಸ್ಕೂಟರಿಗೆ ಚೀಲ ಬಿಗಿಯುತ್ತಿದ್ದ.

"ಗುಬ್ಬಿ."

ಅವನು ಹಗ್ಗದ ಗಂಟಿನಿಂದ ಕಣ್ಣು ತೆಗೆಯಲಿಲ್ಲ. "ನೀನು ಇಲ್ಲಿ ಕೆಲಸ ಮಾಡ್ತೀಯ ಅಂತ ಗೊತ್ತಿರ್ಲಿಲ್ಲ ಅಕ್ಕ. ಗೊತ್ತಿದ್ದಿದ್ರೆ ಬೇರೆಯವರನ್ನ ಕಳಿಸ್ತಿದ್ದೆ."

"ನಾನು ಆಡಿದ್ದು ಕೇಳಿಸ್ತಾ?"

"ಎರಡೂ ಕೇಳಿಸ್ತು. ಅರ್ಧ ಮನುಷ್ಯನ್ನ ಕರೀಬಾರ್ದು ಅಂದಿದ್ದೂ ಕೇಳಿಸ್ತು."

ಎರಡು ವರ್ಷದ ಹಿಂದೆ, ಮಗಳ ಮದುವೆಗೆ ಹತ್ತು ದಿನವಿರುವಾಗ, ಅವಳೇ ತಮ್ಮನಿಗೆ ಫೋನ್ ಮಾಡಿದ್ದಳು. ಬರಬೇಡ ಎಂದಿರಲಿಲ್ಲ. ಗಂಡಿನ ಕಡೆಯವರು ಹಳೇ ಕಾಲದವರು, ಪ್ರಶ್ನೆ ಕೇಳುತ್ತಾರೆ, ಈ ಒಂದು ದಿನ ಒಬ್ಬನೇ ಬಾ ಎಂದಿದ್ದಳು. ಹದಿನಾಲ್ಕು ವರ್ಷದಿಂದ ಅವನ ಜೊತೆ ಬಾಳುತ್ತಿದ್ದವನು, ಅವಳ ಮಗಳಿಗೆ ಸೈಕಲ್ ಕಲಿಸಿದವನು, ಆ ದಿನಕ್ಕೆ ಬೇಡವಾಗಿದ್ದ. ತಮ್ಮ "ಆಯ್ತಕ್ಕ" ಎಂದಿದ್ದ. ಬರಲಿಲ್ಲ. ಅದಾದ ಮೇಲೆ ಅವಳು ಫೋನ್ ಮಾಡಿರಲಿಲ್ಲ. ಸಿಟ್ಟಾಗಿದ್ದಾನೆ, ತಾನಾಗಿ ಸರಿಹೋಗುತ್ತಾನೆ ಎಂದು ಮನಸ್ಸಿಗೆ ಹೇಳಿಕೊಂಡಿದ್ದಳು.

"ಅವನಿಗೆ ಬೇಜಾರಾಯ್ತಾ ಅವತ್ತು?" ಎಂದು ಕೇಳಿದಳು. ಕೇಳಿದ ಮೇಲೆ ಅದೆಷ್ಟು ಪೇಲವ ಪ್ರಶ್ನೆ ಎನಿಸಿತು.

"ಅವನಿಗೆ ಗೊತ್ತೇ ಇಲ್ಲ." ತಮ್ಮ ಈಗ ನೇರವಾಗಿ ನೋಡಿದ. "ಹೊಸ ಶರ್ಟು ಇಸ್ತ್ರಿ ಮಾಡಿ ಇಟ್ಕೊಂಡಿದ್ದ. ಅಕ್ಕ ಹೀಗಂದ್ಲು ಅಂತ ಯಾವ ಬಾಯಲ್ಲಿ ಹೇಳ್ಲಿ? ನನಗೆ ಜ್ವರ ಅಂದೆ. ಎರಡು ದಿನ ಹೊದ್ಕೊಂಡು ಮಲಗಿದ್ದೆ. ಪಾಪ, ಗಂಟೆಗೊಂದ್ಸಲ ಬಂದು ಹಣೆ ಮುಟ್ಟಿ ನೋಡ್ತಿದ್ದ. ಜ್ವರ ಇಲ್ವಲ್ಲ ಅಂದ. ಒಳಜ್ವರ ಅಂದೆ."

ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು ಎನಿಸಿತು. ಅಂಗಡಿಯ ಮುಂದೆ ನಿಂತಿದ್ದವರು ತನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡಳು. ಯಾರೂ ನೋಡುತ್ತಿರಲಿಲ್ಲ.

"ಮೇಲೆ ಹೋಗಿ ಅವರಿಗೆಲ್ಲ ಹೇಳ್ಲಾ?" ಎಂದಳು.

ಅವನು ಹಗ್ಗದ ಗಂಟನ್ನು ಎಳೆದು ಬಿಗಿದ. "ನನ್ನ ಬಗ್ಗೆ ಬೇಡ. ಈ ಸ್ಕೂಟರಿಗೆ ಕಂಪನಿ ಬೋರ್ಡ್ ಹಾಕ್ಕೊಂಡು ನಾಳೆ ಇದೇ ಬೀದೀಲಿ ಓಡಾಡ್ಬೇಕು ನಾನು. ನಿನ್ನ ಬಗ್ಗೆ ಬೇಕಾದ್ರೆ ಹೇಳ್ಕೋ."

"ಮನೆಗೆ ಬರ್ತೀಯಾ? ಇಬ್ಬರೂ?"

"ಅವನನ್ನ ಕರೀಬೇಕಾದ್ರೆ ಅವನ ನಂಬರ್ ನಿನ್ ಹತ್ರ ಇದೆಯಲ್ಲ," ಎಂದು ಸ್ಕೂಟರ್ ಶುರು ಮಾಡಿ ಹೋದ.

ಅವಳು ಅಲ್ಲೇ ನಿಂತು ಫೋನ್ ತೆಗೆದಳು. ಹೆಸರು ಹುಡುಕಿದಳು. ಒತ್ತಲಾಗಲಿಲ್ಲ. ಕರೆದರೆ, ಎರಡು ವರ್ಷ ಯಾಕೆ ಕರೆಯಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಹೇಳಿದರೆ ತಮ್ಮನ ಸುಳ್ಳೂ ಹೊರಬೀಳುತ್ತಿತ್ತು. ಫೋನನ್ನು ಮತ್ತೆ ಜೇಬಿಗಿಟ್ಟು ಮೆಟ್ಟಿಲು ಹತ್ತಿದಳು.

ಐದೂ ಜನ ಹಾಗೆಯೇ ಕೂತಿದ್ದರು. ಅವಳು ಬಾಗಿಲ ಬಳಿಯೇ ನಿಂತಳು.

"ಆಗ ನಾನು ಸುಳ್ಳು ಹೇಳಿದೆ," ಎಂದಳು. "ನನಗೊಬ್ಬ ತಮ್ಮ ಇದ್ದಾನೆ. ನನ್ನ ಮಗಳ ಮದುವೆಗೆ ಅವನನ್ನ ಒಬ್ಬನೇ ಬಾ ಅಂದೆ. ಜೊತೆಗಿರೋನನ್ನ ಬಿಟ್ಟು ಬಾ ಅಂದೆ. ಅವನು ಬರ್ಲಿಲ್ಲ."

ಮಾತು ಇಷ್ಟೇ ಇತ್ತು. ಎರಡು ವರ್ಷ ಹೊತ್ತು ತಿರುಗಿದ್ದು ನಾಲ್ಕೈದು ವಾಕ್ಯದಲ್ಲಿ ಮುಗಿದುಹೋಗಿತ್ತು. ಬಾಗಿಲ ಆಚೆ ಸಂಚಾಲಕಿ ಲೋಟಗಳ ತಟ್ಟೆ ಹಿಡಿದು ನಿಂತಲ್ಲೇ ನಿಂತಳು.

ದರ್ಜಿ ಹೆಂಗಸು ಎದ್ದೇಬಿಟ್ಟಳು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ! ಮೂರು ವಾರದಿಂದ ನಾನು ಮನೆಗೆ ಹೋಗಿ ನಿದ್ದೆ ಮಾಡಿಲ್ಲ. ಆ ಅಕ್ಕ ಎಂಥಾ ದೊಡ್ಡ ಮನಸ್ಸಿನೋಳು, ನಾನೇ ಕೆಟ್ಟ ತಾಯಿ ಅಂತ."

ನರ್ಸಕ್ಕ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು.

"ಮದುವೆ ಫೋಟೋದಲ್ಲಿ ಸೋದರಮಾವನ ಜಾಗದಲ್ಲಿ ಯಾರು ನಿಂತ್ರು?" ದರ್ಜಿ ಹೆಂಗಸಿನ ದನಿ ಇನ್ನೂ ಗಡುಸಾಗಿಯೇ ಇತ್ತು.

"ನಮ್ಮ ಯಜಮಾನರ ಆಫೀಸಿನವರೊಬ್ಬರು. ಹೆಸರೂ ಸರಿಯಾಗಿ ಗೊತ್ತಿಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕು, ತಕ್ಷಣ ಬಾಯಿಗೆ ಕೈ ಇಟ್ಟುಕೊಂಡರು. ದರ್ಜಿ ಹೆಂಗಸು ಮತ್ತೆ ಕೂತಳು. ಕಟ್ಟಿದ್ದ ಕೈ ಬಿಚ್ಚಿ, ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ನರ್ಸಕ್ಕನ ಕಡೆ ನೋಡಲಿಲ್ಲ.

ನರ್ಸಕ್ಕ ಹೋಗಿ ಆ ಕುರ್ಚಿಯಲ್ಲಿ ಕೂತಳು. ಎದುರಿಗೆ, ಕಿಟಕಿಯ ಪಕ್ಕ, ಸಭೆ ನಡೆಸುವವರ ಕುರ್ಚಿ ಖಾಲಿಯಿತ್ತು. ಆರೂ ಜನ ಅದನ್ನೇ ನೋಡುತ್ತಾ ಕೂತರು.